ವಾಹನಗಳ ತಿದ್ದೋಲೆ

ಕಾರನ್ನು ತಯಾರಿಸಿದ ಕಂಪನಿಯೇ, ಅದನ್ನು ಮಾರಿ ಹಣ ಪಡೆದ ಮೇಲೆ, "ನಿಮ್ಮ ಗಾಡಿಯ ಒಂದು ಭಾಗ ಸರಿಯಿಲ್ಲವೆಂದು ನಮಗೆ ತಿಳಿದುಬಂದಿದೆ, ಒಮ್ಮೆ ತಂದು ತೋರಿಸಿ, ಕಾಸು ತೆಗೆದುಕೊಳ್ಳದೆ ಸರಿಪಡಿಸಿಕೊಡುತ್ತೇವೆ" ಎಂದು ಕೊಂಡವರನ್ನು ಕರೆಯುವ ಪದ್ಧತಿಯೊಂದುಂಟು. ಇದಕ್ಕೆ ಇಂಗ್ಲಿಷಿನವರು ರೀಕಾಲ್ ಎನ್ನುತ್ತಾರೆ. ಕನ್ನಡ ಪತ್ರಿಕೆಗಳು "ಹಿಂಪಡೆದ ಕಂಪನಿ", "ವಾಪಸು ಕರೆಸಿಕೊಂಡ ಕಾರು" ಎಂದು ಬರೆಯುತ್ತವೆ. ಈ ಮಾತುಗಳನ್ನು ಓದಿದವರಿಗೆ, ಕಂಪನಿಯವರು ಬಂದು ಬಾಗಿಲಲ್ಲಿ ನಿಂತ ಕಾರನ್ನು ಕಿತ್ತುಕೊಂಡು ಹೋಗುತ್ತಾರೋ ಏನೋ ಎಂಬ ಅನುಮಾನ ಹುಟ್ಟುವುದು ಸಹಜ. ಹಾಗೇನೂ ಇಲ್ಲ. ಕಾರು ನಿಮ್ಮದೇ. ಬಹುಮಟ್ಟಿಗೆ ಒಂದು ಹೊತ್ತಿನ ಕೆಲಸ. ಆದರೆ ಆ ಒಂದು ಹೊತ್ತಿನ ಕೆಲಸವನ್ನು ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ನಡುವೆ ಕೆಲವು ವೇಳೆ ಒಂದು ಸಂಸಾರದ ಅಳಿವು ಉಳಿವಿನ ಅಂತರವಿರುತ್ತದೆ. ಆದಕಾರಣ ಈ ವಿಷಯವನ್ನು ನಾಲ್ಕು ಜನರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹಿಂದೆ ಕಾರೆಂದರೆ ಡಾಕ್ಟರದು, ಸಾಹುಕಾರರದು, ಇಲ್ಲವೆ ಸರ್ಕಾರದ್ದು. ಈಗ ಹಾಗಿಲ್ಲ. ಅಡಕೆ ಮಾರಿದವರು, ಬೆಂಗಳೂರಿನಲ್ಲಿ ಮಗ ಕೆಲಸಕ್ಕೆ ಸೇರಿದವರು, ಅಂಗಡಿ ಇಟ್ಟವರು, ನಮ್ಮಂಥ ಉಪಾಧ್ಯಾಯರು ಕೂಡ, ಸಾಲ ಮಾಡಿಯೋ ಕೂಡಿಟ್ಟೋ ಕಾರು ಕೊಳ್ಳುತ್ತಿದ್ದಾರೆ. ಅದರಲ್ಲಿಯೂ ನೆಲದಿಂದ ಎತ್ತರವಾಗಿ ನಿಲ್ಲುವ, ಐದರಿಂದ ಏಳು ಜನ ಕೂರಬಹುದಾದ, ಎಸ್‌ಯುವಿ ಎಂದು ಕರೆಸಿಕೊಳ್ಳುವ ದೊಡ್ಡ ಗಾಡಿಗಳ ಮೇಲೆ ನಮ್ಮವರಿಗೆ ಮನಸ್ಸು ಹೆಚ್ಚು. ಹಳ್ಳಿಯ ದಾರಿಯ ಕೊರಕಲಿಗೂ ಅದೇ, ಸಿರಾದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿಗೂ ಅದೇ. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೆ, ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ, ಮದುವೆಗೆ, ತಿಥಿಗೆ, ಬಾಣಂತಿಯನ್ನು ಕರೆತರಲು, ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಲು ಎಲ್ಲಕ್ಕೂ ಮನೆಮಂದಿಯೆಲ್ಲ ಅದರಲ್ಲೇ. ಒಂದು ಬೈಸಿಕಲ್ಲಿನ ಬ್ರೇಕು ಕೆಟ್ಟರೆ ಬೀಳುವವನು ಒಬ್ಬ; ಈ ಗಾಡಿಯ ದೋಷಕ್ಕೆ ಗುರಿಯಾಗುವುದು ಮೂರು ತಲೆಮಾರು.

ಎತ್ತಿನ ಬಂಡಿಯ ಕಾಲದಲ್ಲಿ ಬಂಡಿ ಮಾಡಿದ ಬಡಗಿ ಅದೇ ಊರಿನಲ್ಲಿರುತ್ತಿದ್ದ. ಕಡಾಣಿ ಸಡಿಲವೆಂದು ಅವನಿಗೆ ಗೊತ್ತಾದರೆ ಹಾದಿಯಲ್ಲಿ ನಿಲ್ಲಿಸಿ, "ಗೌಡರೇ, ಬಂಡಿಯನ್ನು ಒಂದು ಗಳಿಗೆ ಇತ್ತ ತಿರುಗಿಸಿ" ಎನ್ನುತ್ತಿದ್ದ. ಈಗ ಬಂಡಿ ಮಾಡುವವರು ಬಿಡದಿಯಲ್ಲೋ ಚಾಕಣದಲ್ಲೋ ಚೆನ್ನೈಯಲ್ಲೋ ಇದ್ದಾರೆ. ಮಾಡುವುದು ಹತ್ತಲ್ಲ, ಲಕ್ಷ. ಬಡಗಿಯ ಆ ಕೂಗು ಇಂದು ಕಂಪನಿಯ ಪ್ರಕಟಣೆಯಾಗಿದೆ. ರೀಕಾಲೆಂದರೆ ಇಷ್ಟೇ.

ಕನ್ನಡ ಪಾಠ ಹೇಳುವವನಾದ ನನಗೆ ಇದನ್ನು ತಿಳಿಯಲು ಇನ್ನೊಂದು ದಾರಿಯೂ ಉಂಟು. ಹಳೆಯ ಪುಸ್ತಕಗಳ ಕೊನೆಯಲ್ಲಿ "ತಪ್ಪು - ಒಪ್ಪು" ಎಂದೋ, "ಶುದ್ಧಾಶುದ್ಧ ಪತ್ರಿಕೆ" ಎಂದೋ, "ತಿದ್ದೋಲೆ" ಎಂದೋ ಒಂದು ಹಾಳೆ ಇರುತ್ತಿತ್ತು. ಇಷ್ಟನೆಯ ಪುಟ, ಇಷ್ಟನೆಯ ಸಾಲು, ಹೀಗಿರುವುದನ್ನು ಹೀಗೆ ಓದಿಕೊಳ್ಳಿ ಎಂದು ಮುದ್ರಕರು ಅಚ್ಚು ಹಾಕಿಸುತ್ತಿದ್ದರು. ಅಚ್ಚಾಗಿ ಮಾರಾಟವಾದ ಪ್ರತಿಗಳು ಸಾವಿರಾರು ಮನೆಗಳಲ್ಲಿರುವಾಗ ಮುದ್ರಕರು ಎಲ್ಲಕ್ಕೂ ಹೋಗಿ ತಿದ್ದಲಾರರು. ತಿದ್ದೋಲೆಯನ್ನು ನೋಡಿ, ಲೇಖನಿ ಹಿಡಿದು, ತನ್ನ ಪ್ರತಿಯನ್ನು ತಾನೇ ತಿದ್ದಿಕೊಳ್ಳಬೇಕಾದವನು ಓದುಗ. ತಿದ್ದಿಕೊಳ್ಳದ ಪ್ರತಿಯಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹೆಸರಿನಲ್ಲೇ ದೋಷಾದೋಷದ ಮಾತಿದೆ ಎಂಬುದನ್ನು ಬಲ್ಲವರು ಬಲ್ಲರು. ಆದರೆ ಕಾವ್ಯದಲ್ಲಿ ದೋಷ ಉಳಿದರೆ ರಸಭಂಗ ಮಾತ್ರ. ವಾಹನದಲ್ಲಿ ಉಳಿದರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಈ ದೋಷಗಳು ಎಂಥವು? ಕೆಲವು ಉದಾಹರಣೆಗಳನ್ನು ನೋಡೋಣ. ಇವುಗಳಲ್ಲಿ ಹೆಸರಿಸಿದ ಗಾಡಿಗಳನ್ನು ಕೆಟ್ಟ ಗಾಡಿಗಳೆಂದು ಯಾರೂ ತಿಳಿಯಬಾರದು. ಅವುಗಳ ತಯಾರಕರು ದೋಷವನ್ನು ತಾವೇ ಹೊರಗೆ ಹೇಳಿದ್ದರಿಂದಲೇ ನಮಗೆ ಅದು ತಿಳಿದದ್ದು.

೨೦೨೩ರ ಆಗಸ್ಟ್ ತಿಂಗಳಲ್ಲಿ ಮಹೀಂದ್ರಾ ಕಂಪನಿಯು ತನ್ನ ಎಕ್ಸ್‌ಯುವಿ ೭೦೦ ಎಂಬ ಗಾಡಿಗಳಲ್ಲಿ ೧,೦೮,೩೦೬ನ್ನು ತಪಾಸಣೆಗೆ ಕರೆಯಿತು. ಇವು ೨೦೨೧ರ ಜೂನ್ ೮ರಿಂದ ೨೦೨೩ರ ಜೂನ್ ೨೮ರ ತನಕ ತಯಾರಾದವು. ಎಂಜಿನ್ ಇರುವ ಕೋಣೆಯಲ್ಲಿ ವಿದ್ಯುತ್ ತಂತಿಗಳ ಕಟ್ಟೊಂದು ಹಾದುಹೋಗುತ್ತದೆ. ಅದು ಹಾದಿರುವ ದಾರಿ ಸರಿಯಿಲ್ಲದಿದ್ದರೆ ತಂತಿಯ ಮೇಲುಹೊದಿಕೆ ಉಜ್ಜಿ ಸವೆಯುವ ಸಂಭವವಿದೆ ಎಂಬುದೇ ಶಂಕೆ. ತೋಟದ ಪಂಪುಸೆಟ್ಟಿನ ವೈರು ಕಲ್ಲಿನ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಕಾಣುವುದನ್ನು ನಮ್ಮ ರೈತರು ನೋಡಿದ್ದಾರೆ. ಅಲ್ಲಿ ಫ್ಯೂಸು ಹೋಗುತ್ತದೆ. ಇಲ್ಲಿ ಬಿಸಿಯಾದ ಎಂಜಿನ್, ಎಣ್ಣೆ, ಇಂಧನ ಎಲ್ಲವೂ ಪಕ್ಕದಲ್ಲೇ ಇವೆ. ಬೆಂಕಿಗೆ ಇನ್ನೇನು ಬೇಕು?

೨೦೨೧ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿಯವರು ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಜ್ಜಾ, ಎಸ್-ಕ್ರಾಸ್, ಎಕ್ಸ್‌ಎಲ್ ೬ ಎಂಬ ಪೆಟ್ರೋಲ್ ಗಾಡಿಗಳಲ್ಲಿ ೧,೮೧,೭೫೪ನ್ನು ಕರೆದರು. ಮೋಟರ್ ಜನರೇಟರ್ ಎಂಬ ವಿದ್ಯುತ್ ಭಾಗದ ದೋಷ. ಬದಲಿ ಭಾಗ ಜೋಡಿಸುವ ಕೆಲಸ ನವೆಂಬರಿನಲ್ಲಿ ಆರಂಭವಾಗುವುದೆಂದೂ, ಅದುವರೆಗೆ ನೀರು ನಿಂತ ಜಾಗದಲ್ಲಿ ಗಾಡಿ ಓಡಿಸಬೇಡಿರೆಂದೂ, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಚಿಮ್ಮಿಸಬೇಡಿರೆಂದೂ ಕಂಪನಿ ತಿಳಿಸಿತ್ತು. ಈ ಎರಡು ತಿಂಗಳ ಎಚ್ಚರಿಕೆಯ ಮಾತು ಬಹಳ ಮುಖ್ಯವಾದದ್ದು. ರಿಪೇರಿಯ ದಿನಕ್ಕೆ ಮೊದಲು ಏನು ಮಾಡಬಾರದೆಂಬುದೂ ತಿದ್ದೋಲೆಯ ಒಂದು ಭಾಗವೇ. ಮಳೆ ಬಂದಾಗ ಜಯಮಂಗಲಿಯ ಬದಿಯ ತಗ್ಗುಗಳಲ್ಲಿ, ಕೆರೆಕೋಡಿಯ ಹಳ್ಳಗಳಲ್ಲಿ "ಇಷ್ಟು ನೀರೇನು ಮಹಾ" ಎಂದು ಗಾಡಿ ನುಗ್ಗಿಸುವುದು ನಮ್ಮ ಕಡೆಯ ರೂಢಿ. ಪ್ರಕಟಣೆಯನ್ನು ಓದಿದವನು ನಿಲ್ಲುತ್ತಾನೆ. ಓದದವನು ನುಗ್ಗುತ್ತಾನೆ.

೨೦೨೫ರ ನವೆಂಬರಿನಲ್ಲಿ ಬಂದ ಇನ್ನೊಂದು ಪ್ರಕಟಣೆ ನಮಗೆ ಹತ್ತಿರದ್ದು. ಬೆಂಗಳೂರಿನ ಆಚೆ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆಯಷ್ಟೆ. ಅಲ್ಲಿ ಹೈರೈಡರ್ ಎಂಬ ಗಾಡಿ ತಯಾರಾಗುತ್ತದೆ; ಅದರ ಜೋಡಿ ಗಾಡಿಯೇ ಮಾರುತಿಯ ಗ್ರ್ಯಾಂಡ್ ವಿಟಾರಾ. ಗ್ರ್ಯಾಂಡ್ ವಿಟಾರಾ ೩೯,೫೦೬, ಹೈರೈಡರ್ ೧೧,೫೨೯ ಗಾಡಿಗಳಲ್ಲಿ, ಟ್ಯಾಂಕಿನೊಳಗೆ ಎಷ್ಟು ಇಂಧನವಿದೆ ಎಂದು ತೋರಿಸುವ ಮುಳ್ಳೂ ಅದರ ಎಚ್ಚರಿಕೆಯ ದೀಪವೂ ನಿಜ ಹೇಳದಿರಬಹುದೆಂದು ಕಂಡುಬಂತು. ಕೇಳಿದವರು, "ಇದಕ್ಕೇನು ಇಷ್ಟು ಗಡಿಬಿಡಿ? ಪೆಟ್ರೋಲು ಮುಗಿದರೆ ನಿಂತೀತು" ಎನ್ನಬಹುದು. ಎಲ್ಲಿ ನಿಂತೀತು ಎಂಬುದೇ ಪ್ರಶ್ನೆ. ರಾತ್ರಿ ಹನ್ನೊಂದು ಗಂಟೆಗೆ ಹೆದ್ದಾರಿಯ ವೇಗದ ಪಥದಲ್ಲಿ, ಹಿಂದೆ ಲಾರಿಗಳು ಬರುತ್ತಿರುವಾಗ ನಿಂತರೆ? ಮಿಡಿಗೇಶಿ ದಾಟಿ ಪಾವಗಡದ ಕಡೆ ಹೋಗುವಾಗ, ಹೆರಿಗೆ ನೋವಿನ ಹೆಣ್ಣುಮಗಳು ಒಳಗಿರುವಾಗ ನಿಂತರೆ? ಮುಳ್ಳು ಸುಳ್ಳು ಹೇಳುವುದು ಸಣ್ಣ ದೋಷವಲ್ಲ.

೨೦೨೨ರ ಡಿಸೆಂಬರಿನಲ್ಲಿ ಮಾರುತಿಯವರು ಕರೆದ ೯,೧೨೫ ಗಾಡಿಗಳಲ್ಲಿದ್ದದ್ದು ಮುಂದಿನ ಆಸನದ ಸೀಟುಬೆಲ್ಟಿನ ಭುಜದ ಬಳಿ ಇರುವ ಒಂದು ಸಣ್ಣ ಚೂರಿನ ದೋಷ. ಅವು ತಯಾರಾದದ್ದು ೨೦೨೨ರ ನವೆಂಬರ್ ೨ರಿಂದ ೨೮ರವರೆಗೆ. ಅಂದರೆ ಒಂದು ತಿಂಗಳೂ ಅಲ್ಲ. ಮರುತಿಂಗಳು, ಅಂದರೆ ೨೦೨೩ರ ಜನವರಿಯಲ್ಲಿ, ಏರ್‌ಬ್ಯಾಗ್ ನಿಯಂತ್ರಕದ ದೋಷಕ್ಕಾಗಿ ೧೭,೩೬೨ ಗಾಡಿಗಳನ್ನು ಕರೆದರು. ಅಪಘಾತದಲ್ಲಿ ಗಾಳಿಚೀಲ ಬಿಚ್ಚಿಕೊಳ್ಳದೆ ಹೋಗುವ ಸಂಭವವಿದ್ದದ್ದರಿಂದ, ಭಾಗ ಬದಲಾಯಿಸುವ ತನಕ ಗಾಡಿಯನ್ನು ಓಡಿಸಲೇಬೇಡಿರೆಂಬ ಸಲಹೆ ಅದರಲ್ಲಿತ್ತು. ಅವು ೨೦೨೨ರ ಡಿಸೆಂಬರ್ ೮ರಿಂದ ೨೦೨೩ರ ಜನವರಿ ೧೨ರೊಳಗೆ ತಯಾರಾದವು.

ಈ ತಾರೀಕುಗಳನ್ನು ನಾನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಒಂದು ಗಾಡಿಯ ಎಲ್ಲ ಭಾಗಗಳನ್ನೂ ಕಂಪನಿಯೇ ಮಾಡುವುದಿಲ್ಲ. ಬೇರೆ ಬೇರೆ ಕಡೆಗಳಿಂದ ಭಾಗಗಳು ತಂಡ ತಂಡವಾಗಿ ಬಂದು ಒಂದೆಡೆ ಕೂಡುತ್ತವೆ. ಒಂದು ತಂಡದಲ್ಲಿ ಲೋಪವಿದ್ದರೆ, ಆ ತಂಡ ಮುಗಿಯುವ ತನಕ ತಯಾರಾದ ಗಾಡಿಗಳಿಗೆಲ್ಲ ಅದು ಅಂಟುತ್ತದೆ. ಆದ್ದರಿಂದ ನಿಮ್ಮ ನೆರೆಯವರ ಗಾಡಿಯೂ ನಿಮ್ಮದೂ ಒಂದೇ ಹೆಸರು, ಒಂದೇ ಬಣ್ಣ, ಒಂದೇ ವರ್ಷದ್ದಾಗಿದ್ದರೂ ಅವರದು ಪಟ್ಟಿಯಲ್ಲಿದ್ದು ನಿಮ್ಮದು ಇಲ್ಲದಿರಬಹುದು. ನಿಮ್ಮದಿದ್ದು ಅವರದು ಇಲ್ಲದಿರಬಹುದು. "ಅವರ ಗಾಡಿ ಚೆನ್ನಾಗಿಯೇ ಓಡುತ್ತಿದೆಯಲ್ಲ" ಎಂಬ ಸಮಾಧಾನ ಇಲ್ಲಿ ಸಲ್ಲದು.

ಈ ಪದ್ಧತಿ ಲೋಕದಲ್ಲಿ ಹೇಗೆ ಬೆಳೆಯಿತೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೬೫ರಲ್ಲಿ ರಾಲ್ಫ್ ನೇಡರ್ ಎಂಬ ಅಮೆರಿಕದ ತರುಣ ವಕೀಲರು ಕಾರುಗಳ ದೋಷಗಳನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಅಪಘಾತವೆಂದರೆ ಚಾಲಕನ ತಪ್ಪು ಎಂದೇ ಎಲ್ಲರೂ ನಂಬಿದ್ದ ಕಾಲ ಅದು. ತಯಾರಿಕೆಯಲ್ಲಿಯೂ ತಪ್ಪಿರಬಹುದೆಂಬ ಮಾತು ದೊಡ್ಡ ಗದ್ದಲವನ್ನೆಬ್ಬಿಸಿತು. ಮರುವರ್ಷ, ೧೯೬೬ರಲ್ಲಿ, ಆ ದೇಶದಲ್ಲಿ ವಾಹನ ಸುರಕ್ಷತೆಯ ಕಾನೂನೇ ಬಂತು.

ದೊಡ್ಡ ಸಂಸಾರದ ಗಾಡಿಗಳ ಚರಿತ್ರೆಯಲ್ಲಿ ೨೦೦೦ದ ಪ್ರಕರಣ ಮರೆಯಲಾಗದ್ದು. ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಗಾಡಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲುಪದರ, ವೇಗದಲ್ಲಿ ಓಡುವಾಗ ಸುಲಿದುಕೊಂಡು ಬರುತ್ತಿತ್ತು. ಗಾಡಿ ಎತ್ತರದ್ದಾದ್ದರಿಂದ ತೂಕ ತಪ್ಪಿ ಉರುಳುತ್ತಿತ್ತು. ೨೭೧ ಸಾವುಗಳನ್ನು ಈ ಟೈರುಗಳೊಡನೆ ಸರ್ಕಾರದ ಇಲಾಖೆ ಗುರುತಿಸಿತು. ೬೫ ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಬಿಸಿಲು, ವೇಗ, ಹೊರೆ, ಕಡಿಮೆ ಗಾಳಿ ಇವು ನಾಲ್ಕೂ ಕೂಡಿದಾಗ ದೋಷ ಬಲಿಯುತ್ತಿತ್ತು. ಪಾವಗಡದ ಏಪ್ರಿಲ್ ಬಿಸಿಲನ್ನು ಉಂಡವರಿಗೆ, ಏಳು ಜನರ ಗಾಡಿಗೆ ಹನ್ನೊಂದು ಜನರನ್ನು ತುಂಬುವ ನಮ್ಮ ಔದಾರ್ಯವನ್ನು ಬಲ್ಲವರಿಗೆ, ಇದನ್ನು ವಿವರಿಸಬೇಕಾಗಿಲ್ಲ.

ಆಮೇಲೆ ಬಂದದ್ದು ಜಪಾನಿನ ಟಕಾಟಾ ಕಂಪನಿಯ ಗಾಳಿಚೀಲಗಳ ಪ್ರಕರಣ. ಚೀಲವನ್ನು ಕ್ಷಣಾರ್ಧದಲ್ಲಿ ಉಬ್ಬಿಸಲು ಅದರ ಹಿಂದೆ ಸಿಡಿಯುವ ರಾಸಾಯನಿಕವೊಂದನ್ನು ಲೋಹದ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಟಕಾಟಾದವರು ಅಮೋನಿಯಂ ನೈಟ್ರೇಟನ್ನು ಬಳಸಿದ್ದರು. ವರ್ಷಗಳ ಸೆಕೆ ತೇವಗಳಿಗೆ ಅದು ಕೆಟ್ಟು, ಮಿತಿಮೀರಿ ಸಿಡಿದು, ಡಬ್ಬಿಯೇ ಒಡೆದು ಲೋಹದ ಚೂರುಗಳು ಕೂತವರ ಮುಖಕ್ಕೂ ಕೊರಳಿಗೂ ಹಾರುತ್ತಿದ್ದವು. ಕಾಪಾಡಬೇಕಾದದ್ದೇ ಕೊಲ್ಲುವ ಹಾಗಾಯಿತು. ಅಮೆರಿಕದಲ್ಲಿಯೇ ಸುಮಾರು ೬ ಕೋಟಿ ೭೦ ಲಕ್ಷ ಡಬ್ಬಿಗಳನ್ನು ಬದಲಾಯಿಸಬೇಕೆಂದು ಕರೆಯಲಾಯಿತು. ೨೦೧೭ರಲ್ಲಿ ಆ ಕಂಪನಿ ದಿವಾಳಿಯಾಯಿತು. ಈ ಪ್ರಕರಣದಿಂದ ತಿಳಿಯುವುದೇನೆಂದರೆ, ಕೆಲವು ದೋಷಗಳು ಗಾಡಿ ಹೊಸದಾಗಿದ್ದಾಗ ಇರುವುದೇ ಇಲ್ಲ; ವಯಸ್ಸಾದಂತೆ ಹುಟ್ಟುತ್ತವೆ. "ಹತ್ತು ವರ್ಷ ಓಡಿಸಿದ್ದೇನೆ, ಏನೂ ಆಗಿಲ್ಲ" ಎಂಬುದು ಧೈರ್ಯದ ಮಾತಾದೀತೇ ಹೊರತು ಪ್ರಮಾಣದ ಮಾತಾಗದು. ನಮ್ಮ ದೇಶದಲ್ಲಿಯೂ ೨೦೧೯ರಲ್ಲಿ ಫೋರ್ಡ್ ಕಂಪನಿ ಮುಂದಿನ ಗಾಳಿಚೀಲದ ಡಬ್ಬಿಗಳ ತಪಾಸಣೆಗಾಗಿ ೨೨,೬೯೦ ಹಳೆಯ ಎಂಡೆವರ್ ಗಾಡಿಗಳನ್ನು ಕರೆಯಿತು. ಅವುಗಳಲ್ಲಿ ಮೊದಲಿನವು ೨೦೦೪ರಲ್ಲಿ ತಯಾರಾದವು. ಹದಿನೈದು ವರ್ಷದ ಮೇಲೆ ಬಂದ ಕರೆ!

ನಮ್ಮಲ್ಲಿ ಕಾನೂನಿನ ಸ್ಥಿತಿ ಏನು? ಬಹಳ ಕಾಲ ಏನೂ ಇರಲಿಲ್ಲ. ೨೦೧೨ರಲ್ಲಿ ವಾಹನ ತಯಾರಕರ ಸಂಘವು ತಾನಾಗಿಯೇ ಒಂದು ನಿಯಮಾವಳಿಯನ್ನು ಒಪ್ಪಿಕೊಂಡಿತು. ಅದು ಇಷ್ಟವಿದ್ದವರ ಮಾತು. ಮರುವರ್ಷವೇ, ೨೦೧೩ರ ಜುಲೈಯಲ್ಲಿ, ಜನರಲ್ ಮೋಟರ್ಸ್ ಕಂಪನಿ ೧ ಲಕ್ಷ ೧೪ ಸಾವಿರ ಟವೇರಾ ಗಾಡಿಗಳನ್ನು ಕರೆಯಬೇಕಾಯಿತು. ಹೊಗೆಯ ಪ್ರಮಾಣವೂ ಕೆಲವು ನಿರ್ದಿಷ್ಟ ಅಳತೆಗಳೂ ನಿಯಮಕ್ಕೆ ಹೊಂದಿರಲಿಲ್ಲ. ಒಂದು ಕಾಲಕ್ಕೆ ಮದುವೆ ದಿಬ್ಬಣವೆಂದರೆ ಟವೇರಾ ಎನ್ನುವಂತಿತ್ತು. ೨೦೧೪ರಲ್ಲಿ ಟೊಯೋಟಾ ಕಿರ್ಲೋಸ್ಕರದವರು ಇನ್ನೋವಾ, ಫಾರ್ಚೂನರ್ ಗಾಡಿಗಳಲ್ಲಿ ಸುಮಾರು ೪೫ ಸಾವಿರವನ್ನು ಕರೆದರು. ಸ್ಟೀರಿಂಗ್ ಚಕ್ರದೊಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿರುವ ಒಂದು ತಂತಿಯುಂಟು. ಗಾಳಿಚೀಲಕ್ಕೆ ವಿದ್ಯುತ್ತನ್ನು ಮುಟ್ಟಿಸುವುದು ಅದೇ. ಅದು ತುಂಡಾದರೆ ಚೀಲ ಕೆಲಸ ಮಾಡದು.

೨೦೧೯ರಲ್ಲಿ ಮೋಟಾರು ವಾಹನ ಅಧಿನಿಯಮಕ್ಕೆ ತಿದ್ದುಪಡಿ ಬಂದು, ೧೧೦-ಎ ಎಂಬ ಪ್ರಕರಣ ಸೇರಿತು. ಅದರಂತೆ ಕೇಂದ್ರ ಸರ್ಕಾರವೇ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಯಬೇಕೆಂದು ಕಂಪನಿಗೆ ಆಜ್ಞಾಪಿಸಬಹುದು. ದೋಷವನ್ನು ಸರಿಪಡಿಸುವುದೋ, ಗಾಡಿಯನ್ನು ಬದಲಾಯಿಸಿಕೊಡುವುದೋ, ಬೆಲೆಯನ್ನು ಹಿಂದಿರುಗಿಸುವುದೋ ಕಂಪನಿಯ ಹೊಣೆ. ಇದರ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ದಂಡ ೧೦ ಲಕ್ಷದಿಂದ ೧ ಕೋಟಿ ರೂಪಾಯಿಗಳವರೆಗೆ. ಕಂಪನಿ ತಾನಾಗಿಯೇ ದೋಷವನ್ನು ತಿಳಿಸಿ ಕರೆದರೆ ದಂಡವಿಲ್ಲ. ಆಜ್ಞೆಯ ಮೂಲಕ ಕರೆಸುವುದು ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ವಾಹನ ಮಾಲೀಕರು ದೋಷದ ದೂರು ಕೊಡಲು ಏರ್ಪಾಡಾಗಿದೆ. ಒಂದೇ ಬಗೆಯ ಗಾಡಿಯ ಮೇಲೆ ಗೊತ್ತಾದಷ್ಟು ದೂರುಗಳು ಬಂದಾಗ ವಿಚಾರಣೆ ನಡೆಯುತ್ತದೆ. ಆದ್ದರಿಂದ "ನನ್ನೊಬ್ಬನ ದೂರಿನಿಂದ ಏನಾದೀತು" ಎನ್ನಬಾರದು. ಹನಿಗೂಡಿದರೆ ಹಳ್ಳ.

ಇಷ್ಟೆಲ್ಲ ಇದ್ದರೂ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ಕರೆ ಸರಿಯಾಗಿ ಮುಟ್ಟುವುದಿಲ್ಲವೆಂಬುದು ನನ್ನ ಅನುಭವ. ಏಕೆ?

ಮೊದಲನೆಯದಾಗಿ, ನಮ್ಮಲ್ಲಿ ಓಡುವ ದೊಡ್ಡ ಗಾಡಿಗಳಲ್ಲಿ ಎಷ್ಟೋ ಎರಡನೆಯ ಕೈಯವು, ಮೂರನೆಯ ಕೈಯವು. ಬೆಂಗಳೂರಿನಲ್ಲಿ ಐದಾರು ವರ್ಷ ಓಡಿ, ದಲ್ಲಾಳಿಯ ಮೂಲಕ ಇತ್ತ ಬಂದಂಥವು. ಕಂಪನಿಯ ಪುಸ್ತಕದಲ್ಲಿರುವುದು ಮೊದಲನೆಯ ಒಡೆಯರ ಹೆಸರು, ಅವರ ವಿಳಾಸ, ಅವರ ಫೋನು. ಕಾಗದವೋ ಕರೆಯೋ ಅವರಿಗೆ ಹೋಗುತ್ತದೆ. "ಆ ಗಾಡಿ ಮಾರಿಬಿಟ್ಟೆ" ಎಂದು ಅವರು ಫೋನಿಡುತ್ತಾರೆ. ಅಲ್ಲಿಗೆ ದಾರಿ ಕಡಿಯಿತು.

ನನ್ನ ಸಹೋದ್ಯೋಗಿಯೊಬ್ಬರು ಹೀಗೆ ಏಳು ಆಸನದ ಹಳೆಯ ಗಾಡಿಯೊಂದನ್ನು ಕೊಂಡರು. ಮುಂದಿನ ಫಲಕದಲ್ಲಿ ಗಾಳಿಚೀಲದ ಕೆಂಪು ದೀಪ ಆರದೆ ಉರಿಯುತ್ತಿತ್ತು. ದಲ್ಲಾಳಿಯನ್ನು ಕೇಳಿದರೆ, "ಸಾರ್, ಅದು ಎಲ್ಲ ಹಳೇ ಗಾಡಿಗೂ ಹಾಗೇ, ಬಲ್ಬು ತೆಗೆಸಿಬಿಡಿ, ಚಿಂತೆ ಇರೋದಿಲ್ಲ" ಎಂದನಂತೆ. ನಮ್ಮ ಮೇಷ್ಟ್ರು ಬಲ್ಬು ತೆಗೆಸಲಿಲ್ಲ. ದಸರಾ ರಜೆಯಲ್ಲಿ ತುಮಕೂರಿಗೆ ಹೋಗಿದ್ದಾಗ, ಹೇಗೂ ಬಂದಿದ್ದೇನೆಂದು ಅಧಿಕೃತ ಕಾರ್ಯಾಗಾರದಲ್ಲಿ ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಿದರು. ಆ ಗಾಡಿಗೆ ಮೂರು ವರ್ಷದ ಹಿಂದೆಯೇ ಕರೆ ಬಂದಿದೆ, ಕೆಲಸ ಆಗದೆ ಉಳಿದಿದೆ ಎಂದು ಗಣಕಯಂತ್ರ ತೋರಿಸಿತು. ಸಂಜೆಯೊಳಗೆ ಭಾಗ ಬದಲಾಯಿಸಿಕೊಟ್ಟರು. ಒಂದು ಕಾಸೂ ಕೇಳಲಿಲ್ಲ. ಆ ಮೂರು ವರ್ಷ ಎರಡು ಸಂಸಾರಗಳು, ಕೆಲಸ ಮಾಡದ ಗಾಳಿಚೀಲವನ್ನು ಎದೆಯ ಮುಂದಿಟ್ಟುಕೊಂಡು ಓಡಾಡಿದ್ದವು. ದೀಪ ಹೇಳುತ್ತಿತ್ತು, ಕೇಳುವವರು ಇರಲಿಲ್ಲ.

ಎರಡನೆಯದಾಗಿ, ಭಾಷೆ. ಪ್ರಕಟಣೆಗಳೆಲ್ಲ ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಫೋನಿಗೆ ಬರುವ ಸಂದೇಶವನ್ನು ಸಾಲದ ಜಾಹೀರಾತೋ ಲಾಟರಿಯ ಮೋಸವೋ ಎಂದು ತಿಳಿದು ಜನ ಅಳಿಸಿಹಾಕುತ್ತಾರೆ. ಕನ್ನಡಿಗನಿಗೆ ಗಾಡಿ ಮಾರುವಾಗ ಕನ್ನಡದಲ್ಲಿ ಮಾತನಾಡುವ ಕಂಪನಿಗಳು, ಅದೇ ಗಾಡಿ ಅಪಾಯವೆಂದು ಹೇಳುವಾಗಲೂ ಕನ್ನಡದಲ್ಲಿ ಹೇಳಬೇಕಾದದ್ದು ನ್ಯಾಯ.

ಮೂರನೆಯದು ದೂರ. ಕೊರಟಗೆರೆಯವರಿಗೆ ತುಮಕೂರು ಸಮೀಪ. ಪಾವಗಡದವರಿಗೆ ನೂರು ಕಿಲೋಮೀಟರಿನಷ್ಟು. ಬಹುಪಾಲು ಆಂಧ್ರದಿಂದ ಸುತ್ತುವರಿದ ಆ ತಾಲ್ಲೂಕಿನವರಿಗೆ ಹಿಂದೂಪುರವೇ ಹತ್ತಿರವಾಗಬಹುದು. ಒಂದು ದಿನದ ಕೆಲಸ, ಪೆಟ್ರೋಲಿನ ಖರ್ಚು ಎಂದು ಹಿಂಜರಿಯುತ್ತಾರೆ. ಆ ಕಂಪನಿಯ ಅಧಿಕೃತ ಕಾರ್ಯಾಗಾರ ಎಲ್ಲಿದ್ದರೂ ವಿಚಾರಿಸಬಹುದು. ಕೊಂಡ ಅಂಗಡಿಗೇ ಹೋಗಬೇಕೆಂದಿಲ್ಲ. ಮೊದಲೇ ಫೋನು ಮಾಡಿ, ಬದಲಿ ಭಾಗ ಬಂದಿದೆಯೇ ಎಂದು ಕೇಳಿಕೊಂಡು ಹೊರಟರೆ ಬರಿಗೈಯಲ್ಲಿ ಹಿಂದಿರುಗುವ ಪ್ರಸಂಗ ತಪ್ಪುತ್ತದೆ.

ನಾಲ್ಕನೆಯದು ನಮ್ಮ ಊರಿನ ಮೆಕ್ಯಾನಿಕ್ಕುಗಳ ಮೇಲಿನ ನಂಬಿಕೆ. ಅವರು ಕುಶಲರು, ಕಷ್ಟಕ್ಕಾಗುವವರು. ಅವರನ್ನು ಹಳಿಯುವುದು ಸಲ್ಲದು. ಆದರೆ ಕಂಪನಿಯ ಪಟ್ಟಿ ಅವರ ಕೈಯಲ್ಲಿಲ್ಲ. ಬಹಳಷ್ಟು ದೋಷಗಳು ಕಣ್ಣಿಗೆ ಕಾಣುವಂಥವೂ ಅಲ್ಲ, ಕಿವಿಗೆ ಕೇಳುವಂಥವೂ ಅಲ್ಲ. "ಶಬ್ದ ಬರ್ತಾ ಇಲ್ಲ, ಗಾಡಿ ಚೆನ್ನಾಗಿದೆ" ಎಂಬ ತೀರ್ಪು ಇಲ್ಲಿ ಸಾಲದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಮನೆಯಲ್ಲಿ ಕಾರಿದ್ದವರು ಇವತ್ತೇ ಆರ್‌ಸಿ ಪುಸ್ತಕವನ್ನೋ ಕಾರ್ಡನ್ನೋ ತೆಗೆದು ಚಾಸಿಸ್ ಸಂಖ್ಯೆಯನ್ನು ಗುರುತುಹಾಕಿಕೊಳ್ಳಿ. ಕೆಎ-೬೪ ಎಂದು ಮೊದಲಾಗುವ ಮಧುಗಿರಿಯ ನೋಂದಣಿ ಸಂಖ್ಯೆಯಲ್ಲ ನಾನು ಹೇಳುತ್ತಿರುವುದು. ಚಾಸಿಸ್ ಸಂಖ್ಯೆ ಬೇರೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಕೂಡಿ ಹದಿನೇಳು. ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ, ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗಬಾರದೆಂದು. ಆದ್ದರಿಂದ ದುಂಡಗೆ ಕಂಡದ್ದನ್ನು ಸೊನ್ನೆಯೆಂದೇ ಬರೆದುಕೊಳ್ಳಿ. ಒಂದಕ್ಷರ ತಪ್ಪಿದರೂ ಅದು ಇನ್ನೊಬ್ಬರ ಗಾಡಿ. ಈ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಇಲ್ಲವೆ ಕಾರ್ಯಾಗಾರಕ್ಕೆ ಫೋನಿನಲ್ಲಿ ಹೇಳಿ, "ಈ ಗಾಡಿಗೆ ರೀಕಾಲ್ ಏನಾದರೂ ಬಾಕಿ ಇದೆಯೇ?" ಎಂದು ಕೇಳಿ. ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಕೇಳಿದರೆ ಸಾಕು. ಗಾಡಿಗೆ ಕುಂಬಳಕಾಯಿ ಒಡೆದು ನಿಂಬೆಹಣ್ಣು ಇಡುವ ದಿನ ಈ ಒಂದು ಪ್ರಶ್ನೆಯೂ ಸೇರಲಿ.

ಹಳೆಯ ಗಾಡಿ ಕೊಳ್ಳುವವರು ಹಣ ಕೊಡುವ ಮೊದಲೇ ಇದನ್ನು ವಿಚಾರಿಸಬೇಕು. ಕೊಂಡ ಮೇಲೆ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದಲ್ಲದೆ, ಕಂಪನಿಯ ಪುಸ್ತಕದಲ್ಲಿಯೂ ತಮ್ಮ ಹೆಸರು ಫೋನು ಬರೆಸಬೇಕು. ಮಾರುವವರೂ ಅಷ್ಟೆ, ಹಳೆಯ ಗಾಡಿಗೆಂದು ಕರೆ ಬಂದರೆ, ಕೊಂಡವರಿಗೆ ಒಂದು ಮಾತು ಮುಟ್ಟಿಸುವುದು ಧರ್ಮ. ಕೆಲಸ ಮುಗಿದ ಮೇಲೆ ಏನು ಮಾಡಿದರೆಂಬುದನ್ನು ಬರೆಸಿಕೊಂಡು ಕಾಗದವನ್ನು ಜೋಪಾನ ಮಾಡಿ. ಆ ದೋಷದ ರಿಪೇರಿಗೆ ಹಣ ಕೇಳಿದರೆ ಕೊಡಬೇಕಾಗಿಲ್ಲ. ತಗಾದೆ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ತುಮಕೂರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ೨೦೨೦ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾನೂನಿನಲ್ಲಿ, ದೋಷವುಳ್ಳ ವಸ್ತುವಿನಿಂದಾದ ಹಾನಿಗೆ ತಯಾರಕರನ್ನು ಹೊಣೆ ಮಾಡುವ ಅಧ್ಯಾಯವೇ ಉಂಟು.

ಗಾಡಿಯನ್ನು ಹಿಂದಕ್ಕೆ ಕರೆಯುವ ಕಂಪನಿಗಳನ್ನು ಹೊಗಳುವವರೂ ಇದ್ದಾರೆ, ಹಳಿಯುವವರೂ ಇದ್ದಾರೆ. ನನಗೆ ಎರಡೂ ಅರ್ಧ ಸತ್ಯವಾಗಿ ಕಾಣುತ್ತವೆ. ತಪ್ಪನ್ನು ಮುಚ್ಚಿಡುವವರಿಗಿಂತ ತಿಳಿಸುವವರು ಮೇಲು, ಸಂಶಯವಿಲ್ಲ. ತಿದ್ದೋಲೆಯೇ ಇಲ್ಲದ ಪುಸ್ತಕದಲ್ಲಿ ತಪ್ಪೇ ಇಲ್ಲವೆಂದು ಯಾವ ಪಂಡಿತನೂ ನಂಬುವುದಿಲ್ಲ. ಆದರೆ ತಿದ್ದೋಲೆ ಅಚ್ಚು ಹಾಕಿಸಿದೊಡನೆ ಹೊಣೆ ತೀರಿತೆನ್ನುವುದೂ ಸರಿಯಲ್ಲ. ಎಷ್ಟು ಗಾಡಿಗಳನ್ನು ಕರೆದರೆಂಬುದು ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅವುಗಳಲ್ಲಿ ಎಷ್ಟು ಬಂದವು, ಎಷ್ಟು ಸರಿಯಾದವು, ಎಷ್ಟು ಇನ್ನೂ ದೋಷಸಮೇತ ರಸ್ತೆಯಲ್ಲಿವೆ ಎಂಬ ಲೆಕ್ಕ ಸಾಮಾನ್ಯರ ಕಣ್ಣಿಗೆ ಬೀಳುವುದು ಅಪರೂಪ. ಜನ ಕೇಳಬೇಕಾದದ್ದು ಈ ಎರಡನೆಯ ಲೆಕ್ಕವನ್ನು.

ಕಡೆಗೆ ನಮ್ಮ ವಿದ್ಯಾರ್ಥಿಗಳ ಕುರಿತು ಒಂದು ಮಾತು. ನಮ್ಮ ಹೈಸ್ಕೂಲಿನ ಮಕ್ಕಳು ಇಂಗ್ಲಿಷ್ ಪ್ರಕಟಣೆಯನ್ನು ಓದಬಲ್ಲರು, ಜಾಲತಾಣದಲ್ಲಿ ಸಂಖ್ಯೆ ಹಾಕಿ ನೋಡಬಲ್ಲರು. ಅಪ್ಪನ ಗಾಡಿಯ, ಮಾವನ ಟ್ಯಾಕ್ಸಿಯ, ನೆರೆಮನೆಯವರ ಕಾರಿನ ಚಾಸಿಸ್ ಸಂಖ್ಯೆಯನ್ನು ಅವರು ತಪ್ಪಿಲ್ಲದೆ ಬರೆದುಕೊಂಡು ವಿಚಾರಿಸಿದರೆ, ಒಂದು ಭಾನುವಾರದಲ್ಲಿ ಒಂದು ಬೀದಿಯೇ ಮುಗಿಯುತ್ತದೆ. ಅಕ್ಷರ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಜನ ಯಾವುದಿದೆ? ಈ ಮಾತುಗಳನ್ನು ಕೇಳಿದ ಹತ್ತು ಮನೆಗಳಲ್ಲಿ ಒಂದು ಮನೆಯವರಾದರೂ ನಾಳೆ ಬೆಳಗ್ಗೆ ಆರ್‌ಸಿ ತೆಗೆದು ನೋಡಿದರೆ, ನನ್ನ ಶ್ರಮ ಸಾರ್ಥಕ.